ಕೈವಾರವೂ ಕಣ್ಣೂ

ಪುಸ್ತಕವನ್ನು ಓದುವವನು ಸಾಮಾನ್ಯವಾಗಿ ಅಕ್ಷರಗಳನ್ನು ನೋಡುವುದಿಲ್ಲ. ಕನ್ನಡಕ ಧರಿಸಿದವನು ಗಾಜಿನ ಮೂಲಕ ಲೋಕವನ್ನು ಕಾಣುತ್ತಾನೆಯೇ ಹೊರತು ಗಾಜನ್ನು ಕಾಣುವುದಿಲ್ಲ. ಗಾಜಿನ ಮೇಲೆ ಗೀರು ಬಿದ್ದಾಗ ಮಾತ್ರ ಅದರ ಇರವು ನೆನಪಿಗೆ ಬರುತ್ತದೆ. ಅಕ್ಷರದ ಪಾಡೂ ಹೀಗೆಯೇ. ಅದು ಚೆನ್ನಾಗಿದ್ದಷ್ಟು ಕಾಲ ಓದುಗನು ಅದನ್ನು ದಾಟಿ ಅರ್ಥದ ಕಡೆಗೆ ನಡೆಯುತ್ತಾನೆ. ಆದರೆ ಅಚ್ಚಿನಲ್ಲಿ ಕಾಣುವ ಒಂದೊಂದು ಅಕ್ಷರವನ್ನೂ ಯಾರೋ ಒಬ್ಬರು ಕುಳಿತು ಯೋಚಿಸಿ, ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ರೂಪಿಸಿರುತ್ತಾರೆ. ಆ ದುಡಿಮೆ ಎಂತಹುದು ಎಂಬುದನ್ನು ಅರಿಯಲು ಒಂದು ಅಕ್ಷರಮಾಲೆಯ ಕಥೆ ಸಾಕು. ಅದರ ಹೆಸರು 'ಫ್ಯೂಟುರಾ'. ಅದರಲ್ಲಿಯೂ ಅದರ ಓರೆಯಾದ ರೂಪದ ಕಥೆ ವಿಶೇಷವಾದುದು. ನೆಟ್ಟಗೆ ನಿಂತಿದ್ದ ಅಕ್ಷರವನ್ನು ಸ್ವಲ್ಪ ಬಾಗಿಸಿದರೆ ಓರೆ ಅಕ್ಷರವಾಗುತ್ತದೆ ಎಂದು ಯಾರಿಗಾದರೂ ತೋರಬಹುದು. ಅದು ಅಷ್ಟು ಸುಲಭವಾದ ಕೆಲಸವಲ್ಲ.

ರೋಮನ್ ಲಿಪಿಯಲ್ಲಿ ಓರೆ ಅಕ್ಷರಗಳ ಚರಿತ್ರೆ ಇಟಲಿಯಿಂದ ಆರಂಭವಾಗುತ್ತದೆ. ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸರು ಬೇಗ ಬೇಗ ಬರೆಯುವಾಗ ಅವರ ಬರವಣಿಗೆ ಬಲಗಡೆಗೆ ಬಾಗುತ್ತಿತ್ತು. ವೆನಿಸ್ ನಗರದ ಹೆಸರಾಂತ ಮುದ್ರಕನಾದ ಆಲ್ಡಸ್ ಮನೂಷಿಯಸ್ ಈ ಕೈಬರಹವನ್ನು ಅಚ್ಚಿಗೆ ತರಬೇಕೆಂದು ಬಯಸಿದನು. ಅವನಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿ ಉಕ್ಕಿನ ತುದಿಯಲ್ಲಿ ಆ ಅಕ್ಷರಗಳನ್ನು ಕೊರೆದನು. 1501ರಲ್ಲಿ ಪ್ರಾಚೀನ ಕವಿ ವರ್ಜಿಲನ ಕೃತಿಗಳು ಈ ಅಕ್ಷರಗಳಲ್ಲಿ, ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಗಾತ್ರದಲ್ಲಿ ಅಚ್ಚಾಗಿ ಹೊರಬಂದವು. ಇಟಲಿಯಲ್ಲಿ ಹುಟ್ಟಿದುದರಿಂದ ಇಂತಹ ಅಕ್ಷರಗಳಿಗೆ 'ಇಟಾಲಿಕ್' ಎಂಬ ಹೆಸರು ನಿಂತಿತು. ಮೊದಲು ಇಡೀ ಪುಸ್ತಕವೇ ಇಟಾಲಿಕ್‌ನಲ್ಲಿ ಅಚ್ಚಾಗುತ್ತಿತ್ತು. ಕಾಲಕ್ರಮದಲ್ಲಿ ಅದು ನೆಟ್ಟಗಿನ ಅಕ್ಷರಗಳ ಜೊತೆಗಾರನಾಯಿತು. ಒಂದು ಪದಕ್ಕೆ ಒತ್ತು ಕೊಡಬೇಕಾದಾಗ, ಪುಸ್ತಕದ ಹೆಸರನ್ನು ಬೇರೆಯಾಗಿ ತೋರಿಸಬೇಕಾದಾಗ, ಪರಭಾಷೆಯ ಮಾತನ್ನು ಗುರುತಿಸಬೇಕಾದಾಗ ಮುದ್ರಕರು ಅದನ್ನು ಬಳಸತೊಡಗಿದರು.

ಇಟಾಲಿಕ್ ಅಕ್ಷರವು ನಿಜಕ್ಕೂ ಕೈಬರಹದ ಕೂಸು. ಅದರ ಅನೇಕ ಅಕ್ಷರಗಳ ಆಕಾರವೇ ನೆಟ್ಟಗಿನ ಅಕ್ಷರಗಳ ಆಕಾರಕ್ಕಿಂತ ಬೇರೆ. ಲೇಖನಿ ಕಾಗದವನ್ನು ಬಿಟ್ಟು ಏಳುವಾಗ ಮೂಡುವ ಬಾಗು ಬಳುಕು ಅದರಲ್ಲಿ ಕಾಣುತ್ತದೆ. ನೆಟ್ಟಗಿನ ಆಕಾರವನ್ನೇ ಉಳಿಸಿಕೊಂಡು ಬರಿಯ ಓರೆಯಾಗಿ ನಿಲ್ಲುವ ಅಕ್ಷರದ ಜಾತಿ ಮತ್ತೊಂದು. ಅದಕ್ಕೆ 'ಒಬ್ಲೀಕ್' ಎಂದು ಹೆಸರು. ಒಬ್ಲೀಕ್ ಎಂದರೆ ಓರೆ ಎಂದೇ ಅರ್ಥ. ಫ್ಯೂಟುರಾದ ಓರೆ ರೂಪವು ಈ ಎರಡನೆಯ ಜಾತಿಗೆ ಸೇರಿದುದು.

ಪುಸ್ತಕಗಳಲ್ಲಿ ಕಾಣುವ ಸಾಂಪ್ರದಾಯಿಕ ರೋಮನ್ ಅಕ್ಷರಗಳ ಗೆರೆಗಳ ತುದಿಯಲ್ಲಿ ಚಿಕ್ಕ ಚಾಚುಗಳಿರುತ್ತವೆ. ಅವುಗಳನ್ನು 'ಸೆರಿಫ್' ಎನ್ನುತ್ತಾರೆ. ಆ ಚಾಚುಗಳಿಲ್ಲದ ಬೋಳು ತುದಿಯ ಅಕ್ಷರಗಳೇ 'ಸಾನ್ಸ್ ಸೆರಿಫ್'. 'ಸಾನ್ಸ್' ಎಂಬುದು ಇಲ್ಲದ ಎಂಬ ಅರ್ಥವನ್ನು ಕೊಡುವ ಫ್ರೆಂಚ್ ಮಾತು. ಇಂತಹ ಅಕ್ಷರಗಳ ಅಚ್ಚಿನ ಮೊಳೆಗಳು ಮೊದಲ ಬಾರಿಗೆ ಕಾಣಿಸಿಕೊಂಡುದು 1816ರಲ್ಲಿ, ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಎಂಬಾತನ ಮಾದರಿ ಪುಸ್ತಕದಲ್ಲಿ. ಮುಂದೆ ಭಿತ್ತಿಪತ್ರಗಳಿಗೂ ಅಂಗಡಿಯ ಹಲಗೆಗಳಿಗೂ ಅವು ಹೆಚ್ಚಾಗಿ ಬಳಕೆಯಾದವು. ಓದುವ ಪುಸ್ತಕಕ್ಕೆ ಅವು ತಕ್ಕವಲ್ಲವೆಂಬ ಭಾವನೆ ಬಹುಕಾಲ ಉಳಿದಿತ್ತು. ಆ ಭಾವನೆಯನ್ನು ಅಲುಗಿಸಿದವರಲ್ಲಿ ಜರ್ಮನಿಯ ಪಾಲ್ ರೆನ್ನರ್ ಮುಖ್ಯನಾದವನು.

ರೆನ್ನರ್ 1878ರಲ್ಲಿ ವೆರ್ನಿಗೆರೋಡೆ ಎಂಬ ಊರಿನಲ್ಲಿ ಜನಿಸಿದನು. ಮೊದಲು ಅವನು ಕಲಿತುದು ಚಿತ್ರಕಲೆ. ಅನಂತರ ಮ್ಯೂನಿಕ್ ನಗರದ ಪ್ರಕಾಶಕನೊಬ್ಬನ ಬಳಿ ಪುಸ್ತಕಗಳ ವಿನ್ಯಾಸ ಮಾಡತೊಡಗಿದನು. ಪುಟದ ಅಂಚು ಎಷ್ಟಿರಬೇಕು, ಸಾಲಿನ ನಡುವೆ ಎಷ್ಟು ಎಡೆಯಿರಬೇಕು, ಯಾವ ಅಕ್ಷರ ಯಾವ ಪುಸ್ತಕಕ್ಕೆ ಒಪ್ಪುತ್ತದೆ ಎಂಬ ವಿಚಾರಗಳಲ್ಲಿ ಅವನ ಆಯುಷ್ಯದ ಬಹುಭಾಗ ಕಳೆಯಿತು. ಆ ಕಾಲದ ಜರ್ಮನಿಯಲ್ಲಿ ಎರಡು ಬಗೆಯ ಅಕ್ಷರಗಳು ಚಾಲ್ತಿಯಲ್ಲಿದ್ದವು. ಒಂದು, ಉಳಿದ ಯೂರೋಪಿನಲ್ಲಿ ರೂಢಿಯಲ್ಲಿದ್ದ ರೋಮನ್ ಅಕ್ಷರ. ಇನ್ನೊಂದು, ಗಟೆನ್‌ಬರ್ಗನ ಕಾಲದಿಂದ ಬೆಳೆದು ಬಂದ, ಮೂಲೆ ಮೂಲೆಯಾಗಿ ಮುರಿದಂತೆ ಕಾಣುವ ಗಾಥಿಕ್ ಅಕ್ಷರ. ಗಾಥಿಕ್ ಅಕ್ಷರವೇ ಜರ್ಮನರ ರಾಷ್ಟ್ರೀಯ ಅಕ್ಷರವೆಂದು ಅನೇಕರು ಅಭಿಮಾನದಿಂದ ವಾದಿಸುತ್ತಿದ್ದರು.

ಮೊದಲನೆಯ ಮಹಾಯುದ್ಧವು ಮುಗಿದು ಜರ್ಮನಿಯಲ್ಲಿ ಹೊಸ ಬದುಕನ್ನು ಕಟ್ಟುವ ಹಂಬಲ ಮೂಡಿದ್ದ ದಿನಗಳವು. ಕಟ್ಟಡ, ಪೀಠೋಪಕರಣ, ಪಾತ್ರೆ ಎಲ್ಲದರಲ್ಲಿಯೂ ಅನಾವಶ್ಯಕ ಅಲಂಕಾರವನ್ನು ಬಿಟ್ಟು ಸರಳ ಆಕಾರಗಳನ್ನು ತರುವ ಪ್ರಯತ್ನ ನಡೆದಿತ್ತು. 1924ರಲ್ಲಿ ಯಾಕೋಬ್ ಹೆಗ್ನರ್ ಎಂಬ ಪ್ರಕಾಶಕನು ರೆನ್ನರನಲ್ಲಿಗೆ ಬಂದು, ಈ ಕಾಲಕ್ಕೆ ಸಲ್ಲುವ ಅಕ್ಷರವೊಂದು ಬೇಕೆಂದು ಕೇಳಿದನು. ರೆನ್ನರ್ ಕೈವಾರವನ್ನೂ ಅಳತೆಪಟ್ಟಿಯನ್ನೂ ಹಿಡಿದು ಕುಳಿತನು. ವೃತ್ತ, ಚೌಕ, ತ್ರಿಕೋನ ಎಂಬ ಮೂರು ಮೂಲ ಆಕಾರಗಳಿಂದ ಅಕ್ಷರಮಾಲೆಯನ್ನು ಕಟ್ಟುವುದು ಅವನ ಉದ್ದೇಶವಾಗಿತ್ತು. ಆದರೆ ಅವನು ಹಳೆಯದನ್ನು ಪೂರ್ಣವಾಗಿ ಬಿಟ್ಟವನಲ್ಲ. ಕ್ರಿ.ಶ. 113ರಲ್ಲಿ ನಿಂತ ರೋಮಿನ ಟ್ರೇಜನ್ ಸ್ತಂಭದಂತಹ ಸ್ಮಾರಕಗಳ ಶಾಸನಗಳಲ್ಲಿ ಕೆಲವು ಅಕ್ಷರಗಳು ಅಗಲವಾಗಿಯೂ ಕೆಲವು ಕಿರಿದಾಗಿಯೂ ಇವೆ. ಫ್ಯೂಟುರಾದ ದೊಡ್ಡಕ್ಷರಗಳಲ್ಲಿಯೂ 'ಓ' ಅಗಲ, 'ಇ' ಮತ್ತು 'ಎಫ್' ಕಿರಿದು. ಎರಡು ಸಾವಿರ ವರ್ಷಗಳ ಹಿಂದಿನ ಕಲ್ಲುಕುಟಿಗನ ಪ್ರಮಾಣಜ್ಞಾನವನ್ನು ಹೊಸ ಕಾಲದ ಸರಳ ಗೆರೆಗಳಲ್ಲಿ ತುಂಬಿದುದು ರೆನ್ನರನ ಜಾಣ್ಮೆ.

ಆರಂಭದಲ್ಲಿ ರೆನ್ನರನ ಉತ್ಸಾಹ ಎಲ್ಲೆ ಮೀರಿತ್ತು. ಕೆಲವು ಚಿಕ್ಕಕ್ಷರಗಳನ್ನು ಅವನು ಸಂಪೂರ್ಣವಾಗಿ ಹೊಸ ರೀತಿಯಲ್ಲಿ ಬರೆದನು. 'ಆರ್' ಅಕ್ಷರವು ಒಂದು ಕಂಬ ಮತ್ತು ಅದರ ಪಕ್ಕದಲ್ಲಿ ಒಂದು ಚುಕ್ಕೆ ಮಾತ್ರವಾಗಿತ್ತು. ಜ್ಯಾಮಿತಿಯ ದೃಷ್ಟಿಯಿಂದ ಅದು ಸೊಗಸಾಗಿತ್ತು. ಓದುಗನ ದೃಷ್ಟಿಯಿಂದ ತೊಡಕಾಗಿತ್ತು. ಫ್ರಾಂಕ್‌ಫರ್ಟ್ ನಗರದ ಬಾವರ್ ಎಂಬ ಅಕ್ಷರ ಎರಕದ ಸಂಸ್ಥೆಯು ಈ ಕೆಲಸವನ್ನು ಕೈಗೆತ್ತಿಕೊಂಡಿತು. ಅಲ್ಲಿ ಅಕ್ಷರಗಳನ್ನು ಅಚ್ಚು ಹಾಕಿ ನೋಡುವುದು, ತಿದ್ದುವುದು, ಮತ್ತೆ ಅಚ್ಚು ಹಾಕುವುದು ನಡೆಯಿತು. ವಿಚಿತ್ರವಾದ ಆಕಾರಗಳಲ್ಲಿ ಹೆಚ್ಚಿನವು ಬಿದ್ದುಹೋದವು. 1927ರಲ್ಲಿ ಫ್ಯೂಟುರಾ ಮಾರುಕಟ್ಟೆಗೆ ಬಂದಿತು. ಲ್ಯಾಟಿನ್ ಭಾಷೆಯ ಆ ಹೆಸರಿನಲ್ಲಿ ಭವಿಷ್ಯ ಎಂಬ ಅರ್ಥವಿದೆ.

ಫ್ಯೂಟುರಾವನ್ನು ನೋಡಿದವರಿಗೆ ಅದು ಕೈವಾರದಿಂದಲೇ ಬರೆದ ಅಕ್ಷರವೆಂದು ತೋರುತ್ತದೆ. ಗುಟ್ಟು ಇರುವುದು ಇಲ್ಲಿಯೇ. ಅದು ಕೈವಾರದಿಂದ ಬರೆದಂತೆ ಕಾಣಬೇಕಾದರೆ ಹಲವು ಕಡೆ ಕೈವಾರವನ್ನು ಕೆಳಗಿಡಬೇಕಾಗುತ್ತದೆ. ಒಂದೇ ಎತ್ತರದ ಚೌಕವನ್ನೂ ವೃತ್ತವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ವೃತ್ತವೇ ಚಿಕ್ಕದಾಗಿ ಕಾಣುತ್ತದೆ. ಆದುದರಿಂದ 'ಓ' ಅಕ್ಷರವನ್ನು ಮೇಲೆಯೂ ಕೆಳಗೂ ಗೆರೆಯಿಂದ ತುಸು ಹೊರಕ್ಕೆ ಚಾಚಬೇಕು. ಒಂದೇ ದಪ್ಪದ ಅಡ್ಡಗೆರೆ ಮತ್ತು ನೇರಗೆರೆಗಳಲ್ಲಿ ಅಡ್ಡಗೆರೆ ಹೆಚ್ಚು ದಪ್ಪವೆಂಬ ಭ್ರಾಂತಿ ಉಂಟಾಗುತ್ತದೆ. ಅದನ್ನು ಸ್ವಲ್ಪ ತೆಳುಗೊಳಿಸಬೇಕು. ದುಂಡು ಗೆರೆ ನೇರ ಕಂಬವನ್ನು ಸೇರುವ ಎಡೆಯಲ್ಲಿ ಮಸಿ ಗಟ್ಟಿಯಾಗಿ ಕಪ್ಪುಕಲೆಯಂತೆ ಕಾಣುತ್ತದೆ. ಅಲ್ಲಿ ಗೆರೆಯನ್ನು ಸವರಿ ಕಿರಿದು ಮಾಡಬೇಕು. ಅಳತೆಯಲ್ಲಿ ಸಮವಾದುದು ಕಣ್ಣಿಗೆ ಸಮವಾಗಿ ಕಾಣುವುದಿಲ್ಲ; ಕಣ್ಣಿಗೆ ಸಮವಾಗಿ ಕಾಣುವುದು ಅಳತೆಯಲ್ಲಿ ಸಮವಾಗಿರುವುದಿಲ್ಲ. ಕೈವಾರ ಮತ್ತು ಕಣ್ಣು ಇವೆರಡರ ನಡುವೆ ವ್ಯಾಜ್ಯ ಬಂದಾಗ ಒಳ್ಳೆಯ ವಿನ್ಯಾಸಕಾರನು ಕಣ್ಣಿನ ಪರವಾಗಿಯೇ ತೀರ್ಪು ಕೊಡುತ್ತಾನೆ.

ಈ ವ್ಯಾಜ್ಯವು ಓರೆ ಅಕ್ಷರದಲ್ಲಿ ಇನ್ನಷ್ಟು ತೀವ್ರವಾಗುತ್ತದೆ. ಅದನ್ನು ತಿಳಿಯಲು ಒಂದು ಸಣ್ಣ ಪ್ರಯೋಗವಿದೆ. ಇಪ್ಪತ್ತು ಮೂವತ್ತು ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸಿ, ಆ ರಾಶಿಯ ಪಕ್ಕದ ಮೇಲೆ ಸೀಮೆಸುಣ್ಣದಿಂದ ಒಂದೇ ದಪ್ಪದ ಬಳೆಯನ್ನು ಬರೆಯಬೇಕು. ಅನಂತರ ಪ್ರತಿಯೊಂದು ಪುಸ್ತಕವನ್ನೂ ಅದರ ಕೆಳಗಿನದಕ್ಕಿಂತ ಕೊಂಚ ಬಲಕ್ಕೆ ಸರಿಸುತ್ತ ಹೋಗಬೇಕು. ಆಯತವಾಗಿದ್ದ ಪಕ್ಕವು ಈಗ ಸಮಾಂತರ ಚತುರ್ಭುಜವಾಗುತ್ತದೆ. ಒಂದೇ ಪಾದದ ಮೇಲೆ ಒಂದೇ ಸಮಾಂತರ ರೇಖೆಗಳ ನಡುವೆ ಇರುವ ಸಮಾಂತರ ಚತುರ್ಭುಜಗಳ ವಿಸ್ತೀರ್ಣಗಳು ಸಮ ಎಂಬ ಪ್ರಮೇಯದಂತೆ, ಅದರ ವಿಸ್ತೀರ್ಣವು ಬದಲಾಗುವುದಿಲ್ಲ. ಆದರೆ ಬಳೆಯ ಗತಿ ಏನಾಯಿತು? ಅದು ಬಲಮೇಲ್ಭಾಗಕ್ಕೆ ಎಳೆದಂತೆ ಉದ್ದವಾಗಿ ಮೊಟ್ಟೆಯಾಕಾರವನ್ನು ತಾಳಿರುತ್ತದೆ. ಅದರ ದಪ್ಪವೂ ಎಲ್ಲ ಕಡೆ ಒಂದೇ ಆಗಿ ಉಳಿದಿರುವುದಿಲ್ಲ.

ಓರೆ ಅಕ್ಷರಗಳ ಬಾಗು ಸಾಮಾನ್ಯವಾಗಿ 8ರಿಂದ 12 ಡಿಗ್ರಿಗಳಷ್ಟಿರುತ್ತದೆ. 12 ಡಿಗ್ರಿಯ ಬಾಗನ್ನು ತೆಗೆದುಕೊಳ್ಳೋಣ. 100 ಅಳತೆಯಷ್ಟು ಎತ್ತರವಿರುವ ಅಕ್ಷರದ ತಲೆಯು ಆಗ ಸುಮಾರು 21 ಅಳತೆಯಷ್ಟು ಬಲಕ್ಕೆ ಸರಿಯುತ್ತದೆ. ಸುತ್ತಲೂ 10 ಅಳತೆ ದಪ್ಪವಿದ್ದ ದುಂಡು 'ಓ' ಅಕ್ಷರದ ಗೆರೆಯು ಬಲಮೇಲ್ಭಾಗದಲ್ಲಿಯೂ ಎಡಕೆಳಭಾಗದಲ್ಲಿಯೂ ಸುಮಾರು 11ಕ್ಕೆ ಏರುತ್ತದೆ. ಉಳಿದೆರಡು ಮೂಲೆಗಳಲ್ಲಿ ಸುಮಾರು 9ಕ್ಕೆ ಇಳಿಯುತ್ತದೆ. ಅಂದರೆ ಒಂದೇ ಅಕ್ಷರದ ಒಂದು ಭಾಗವು ಮತ್ತೊಂದು ಭಾಗಕ್ಕಿಂತ ಐದನೆಯ ಒಂದು ಪಾಲಿಗೂ ಮೀರಿ ದಪ್ಪವಾಗುತ್ತದೆ. ಕೈಬರಹದ ಅಕ್ಷರಗಳಲ್ಲಿ ಗೆರೆಯ ದಪ್ಪವು ಮೊದಲೇ ಹೆಚ್ಚುಕಡಿಮೆಯಾಗಿರುವುದರಿಂದ ಈ ದೋಷವು ಮರೆಯಾಗಬಹುದು. ಎಲ್ಲೆಡೆಯಲ್ಲಿಯೂ ಒಂದೇ ದಪ್ಪ ಎಂಬುದೇ ಯಾವ ಅಕ್ಷರದ ಪ್ರತಿಜ್ಞೆಯೋ ಅದರಲ್ಲಿ ಇದು ಅಡಗುವುದೆಲ್ಲಿ? ದುಂಡು ಅಕ್ಷರಗಳು ಉರುಳಿ ಬೀಳುವಂತೆ ಕಾಣುತ್ತವೆ. ಆದಕಾರಣ ಬಾಗಿಸಿದ ಮೇಲೆ ಮತ್ತೆ ಪ್ರತಿಯೊಂದು ಅಕ್ಷರವನ್ನೂ ಕೈಯಿಂದ ತಿದ್ದಬೇಕು. ಉಬ್ಬಿದ ಎಡೆಯನ್ನು ಸವರಿ, ಸೊರಗಿದ ಎಡೆಯನ್ನು ತುಂಬಿ, ಅಕ್ಷರವು ಬಾಗಿಯೂ ಭದ್ರವಾಗಿ ನಿಂತಿದೆ ಎನ್ನಿಸುವಂತೆ ಮಾಡಬೇಕು.

ಸೀಸದ ಮೊಳೆಗಳ ಕಾಲದಲ್ಲಿ ಇನ್ನೂ ಒಂದು ಕಷ್ಟವಿತ್ತು. ಅಚ್ಚಿನ ಮೊಳೆಯ ಮೈ ಆಯತಾಕಾರವಾದುದು. ಅದರ ತಲೆಯ ಮೇಲಿನ ಅಕ್ಷರ ಮಾತ್ರ ಓರೆ. ಅಕ್ಷರದ ತುದಿಯು ಮೊಳೆಯ ಅಂಚನ್ನು ದಾಟಿ ಹೊರಕ್ಕೆ ಚಾಚಿದರೆ ಅದು ಮುರಿಯುವ ಭಯ. ಚಾಚದಂತೆ ಒಳಗೇ ಇರಿಸಿದರೆ ಅಕ್ಷರ ಅಕ್ಷರಗಳ ನಡುವೆ ಎಡೆ ಹೆಚ್ಚುವ ಭಯ. ಇದಲ್ಲದೆ ಪ್ರತಿಯೊಂದು ಗಾತ್ರಕ್ಕೂ ಬೇರೆ ಬೇರೆ ಅಚ್ಚುಗಳನ್ನು ಮಾಡಬೇಕಾಗಿತ್ತು. ಹೀಗಾಗಿ ಓರೆ ಅಕ್ಷರಮಾಲೆಯನ್ನು ಹೊರತರುವುದೆಂದರೆ ಇಡೀ ಅಕ್ಷರಮಾಲೆಯನ್ನು ಮತ್ತೊಮ್ಮೆ ಹುಟ್ಟಿಸಿದಂತೆಯೇ ಆಗುತ್ತಿತ್ತು. ಇಷ್ಟೆಲ್ಲ ಶ್ರಮದಿಂದ ಬಾವರ್ ಸಂಸ್ಥೆಯು 1930ರ ಹೊತ್ತಿಗೆ ಫ್ಯೂಟುರಾದ ಓರೆ ರೂಪಗಳನ್ನು ಬೇರೆ ಬೇರೆ ತೂಕಗಳಲ್ಲಿ ಒದಗಿಸಿತು.

ಅಕ್ಷರವು ಹೀಗೆ ಜನಪ್ರಿಯವಾಗುತ್ತಿದ್ದಾಗ ಅದರ ಕರ್ತೃವಿನ ಬಾಳಿನಲ್ಲಿ ಕತ್ತಲೆ ಕವಿಯುತ್ತಿತ್ತು. ರೆನ್ನರ್ ಮ್ಯೂನಿಕ್ಕಿನಲ್ಲಿ ಮುದ್ರಣಕಲೆಯ ಶಾಲೆಯ ಮುಖ್ಯಸ್ಥನಾಗಿದ್ದನು. ಜರ್ಮನಿಯಲ್ಲಿ ನಾಜಿ ಪಕ್ಷವು ಪ್ರಬಲವಾಗುತ್ತ, ಹೊಸ ಕಲೆಯೆಲ್ಲವೂ ದೇಶದ್ರೋಹವೆಂದು ಪ್ರಚಾರ ಮಾಡುತ್ತಿತ್ತು. ಈ ಪ್ರಚಾರವನ್ನು ಖಂಡಿಸಿ ರೆನ್ನರ್ ಬರೆದ ಕಿರುಹೊತ್ತಿಗೆಯು 1932ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಪ್ರಕಟವಾಯಿತು. ಮರುವರ್ಷ ಆ ಪಕ್ಷವೇ ಅಧಿಕಾರಕ್ಕೆ ಬಂದಿತು. 1933ರ ಮಾರ್ಚಿಯಲ್ಲಿ, ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯಾನ್ ಚಿಹೋಲ್ಟ್ ಎಂಬ ವಿನ್ಯಾಸಕಾರನನ್ನು ಬಂಧಿಸಲಾಯಿತು. ಏಪ್ರಿಲ್‌ನಲ್ಲಿ ರೆನ್ನರನನ್ನೂ ಬಂಧಿಸಲಾಯಿತು. ಅವನಿಗೆ ಬಿಡುಗಡೆಯೇನೋ ದೊರೆಯಿತು. ಆದರೆ ಹುದ್ದೆ ಕೈಬಿಟ್ಟುಹೋಯಿತು. ಆಗ ಅವನ ವಯಸ್ಸು 54. ತನ್ನ ಅಭಿಪ್ರಾಯವನ್ನು ಬರೆಯದೆ ಸುಮ್ಮನಿದ್ದಿದ್ದರೆ ಆ ಹುದ್ದೆ ಉಳಿಯುತ್ತಿತ್ತೇನೋ. ಅಕ್ಷರವನ್ನು ನಂಬಿದವನು ಅಕ್ಷರದಿಂದಲೇ ಸತ್ಯವನ್ನು ಹೇಳಿದನು. ಅದರ ಬೆಲೆಯನ್ನೂ ತೆತ್ತನು.

ಇತಿಹಾಸದ ವ್ಯಂಗ್ಯವು ಇಲ್ಲಿಗೆ ನಿಲ್ಲಲಿಲ್ಲ. ಗಾಥಿಕ್ ಅಕ್ಷರವೇ ಶುದ್ಧ ಜರ್ಮನ್ ಅಕ್ಷರವೆಂದು ಮೆರೆಸಿದ್ದ ಅದೇ ಸರ್ಕಾರವು 1941ರ ಜನವರಿ 3ರಂದು ಸುತ್ತೋಲೆ ಹೊರಡಿಸಿ, ಅದು ಯಹೂದಿಗಳ ಅಕ್ಷರವೆಂಬ ಸುಳ್ಳು ಕಾರಣವನ್ನು ಮುಂದೊಡ್ಡಿ ಅದರ ಬಳಕೆಯನ್ನು ಕೈಬಿಟ್ಟಿತು. ರೋಮನ್ ಅಕ್ಷರವೇ ಇನ್ನು ಮುಂದೆ ವಾಡಿಕೆಯ ಅಕ್ಷರವೆಂದು ಸಾರಿತು. ದ್ವೇಷಕ್ಕೆ ಅಕ್ಷರವೂ ಒಂದು ನೆಪ. ನೆಪವನ್ನು ಬದಲಾಯಿಸಲು ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ ಎಂಬುದನ್ನು ಈ ಘಟನೆ ತೋರಿಸುತ್ತದೆ. ರೆನ್ನರ್ 1956ರಲ್ಲಿ ತೀರಿಕೊಂಡನು. ಅವನನ್ನು ಹುದ್ದೆಯಿಂದ ತೆಗೆದವರ ಆಳ್ವಿಕೆ ಅದಕ್ಕೂ ಹನ್ನೊಂದು ವರ್ಷ ಮೊದಲೇ ಮಣ್ಣುಗೂಡಿತ್ತು.

ಫ್ಯೂಟುರಾ ಮಾತ್ರ ದೇಶ ದೇಶಗಳಿಗೆ ಹಬ್ಬಿತು. 1969ರ ಜುಲೈ 20ರಂದು ಅಪೊಲೊ 11 ನೌಕೆಯ ಯಾತ್ರಿಕರು ಚಂದ್ರನ ಮೇಲೆ ಇಳಿದಾಗ, ಅವರ ಇಳಿಗಾಡಿಗೆ ಒಂದು ಲೋಹದ ಫಲಕವನ್ನು ಜೋಡಿಸಲಾಗಿತ್ತು. ಮಾನವಕುಲದ ಪರವಾಗಿ ಶಾಂತಿಯ ಸಂದೇಶವನ್ನು ಹೊತ್ತ ಆ ಫಲಕದ ಬರಹವು ಫ್ಯೂಟುರಾದ ದೊಡ್ಡಕ್ಷರಗಳಲ್ಲಿದೆ. ಯುದ್ಧದಿಂದ ನೊಂದ ನೆಲದಲ್ಲಿ ಹುಟ್ಟಿದ ಅಕ್ಷರವು ಹೀಗೆ ಭೂಮಿಯ ಎಲ್ಲೆಯನ್ನೇ ದಾಟಿತು.

ಚಂದ್ರನ ಮೇಲಿರುವುದು ನೆಟ್ಟಗಿನ ರೂಪ. ಅಂತಹ ಶಾಶ್ವತವಾದ ಗಂಭೀರ ಸಂದೇಶಕ್ಕೆ ಅದೇ ತಕ್ಕುದು. ಓರೆ ರೂಪದ ಸ್ವಭಾವವೇ ಬೇರೆ. ನಿಂತಿರುವವನ ಮೈ ನೆಟ್ಟಗಿರುತ್ತದೆ. ಓಡುವವನ ಮೈ ಮುಂದಕ್ಕೆ ಬಾಗಿರುತ್ತದೆ. ಅಂತೆಯೇ ಓರೆ ಅಕ್ಷರದಲ್ಲಿ ಚಲನೆಯ, ಅವಸರದ, ಎದುರಿಗಿರುವವನನ್ನು ಕುರಿತು ಮುಂದೆ ಬಾಗಿ ಮಾತನಾಡುವ ಭಾವವಿದೆ. ಆದುದರಿಂದ ಕ್ರೀಡೆಗೆ, ವಾಹನಗಳಿಗೆ, ಜಾಹೀರಾತಿನ ಘೋಷಣೆಗಳಿಗೆ ಅದು ಒಪ್ಪುತ್ತದೆ. ಸಾಲಿನ ನಡುವೆ ಒಂದು ಪದವನ್ನು ಎತ್ತಿ ತೋರಿಸಲೂ ಅದು ಸಹಾಯಕ. ಆದರೆ ಪುಟಗಟ್ಟಲೆ ಓರೆ ಅಕ್ಷರದಲ್ಲಿ ಅಚ್ಚು ಹಾಕಿದರೆ ಓದುಗನ ಕಣ್ಣು ದಣಿಯುತ್ತದೆ. ಎಲ್ಲ ಪದಗಳಿಗೂ ಒತ್ತು ಕೊಟ್ಟರೆ ಯಾವ ಪದಕ್ಕೂ ಒತ್ತು ಉಳಿಯುವುದಿಲ್ಲ. ಊಟದಲ್ಲಿ ಉಪ್ಪಿನಕಾಯಿ ಇದ್ದಂತೆ ಪುಟದಲ್ಲಿ ಓರೆ ಅಕ್ಷರವಿರಬೇಕು.

ಓರೆ ಫ್ಯೂಟುರಾದ ಈ ಸ್ವಭಾವವನ್ನು ಚೆನ್ನಾಗಿ ಅರಿತು ಬಳಸಿದವರಲ್ಲಿ ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಪ್ರಸಿದ್ಧಳು. 1945ರಲ್ಲಿ ಜನಿಸಿದ ಆಕೆ ಮೊದಲು ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವಿನ್ಯಾಸಕಾರ್ತಿಯಾಗಿದ್ದಳು. ಚಿತ್ರ ಮತ್ತು ಅಕ್ಷರಗಳನ್ನು ಜೋಡಿಸಿ ಓದುಗನ ಮನಸ್ಸನ್ನು ಸೆಳೆಯುವ ಜಾಹೀರಾತಿನ ವಿದ್ಯೆಯನ್ನು ಆಕೆ ಅಲ್ಲಿ ಕಲಿತಳು. 1980ರ ದಶಕದಲ್ಲಿ ಆಕೆ ಅದೇ ವಿದ್ಯೆಯನ್ನು ಬೇರೊಂದು ಉದ್ದೇಶಕ್ಕೆ ತಿರುಗಿಸಿದಳು. ಕಪ್ಪುಬಿಳುಪಿನ ಹಳೆಯ ಛಾಯಾಚಿತ್ರ, ಅದರ ಮೇಲೆ ಕೆಂಪು ಪಟ್ಟಿ, ಪಟ್ಟಿಯ ಒಳಗೆ ದಪ್ಪನೆಯ ಓರೆ ಫ್ಯೂಟುರಾದ ಬಿಳಿಯ ಅಕ್ಷರಗಳು. ಕೊಳ್ಳುವ ಹುಚ್ಚು, ಅಧಿಕಾರದ ಮದ, ಹೆಣ್ಣಿನ ಮೇಲಿನ ದಬ್ಬಾಳಿಕೆ ಇವುಗಳನ್ನು ಆ ಅಕ್ಷರಗಳು ಚುಟುಕಾದ ಮಾತುಗಳಲ್ಲಿ ಪ್ರಶ್ನಿಸಿದವು. ಜಾಹೀರಾತಿನ ವೇಷದಲ್ಲಿ ಬಂದು ಜಾಹೀರಾತನ್ನೇ ವಿಚಾರಣೆಗೆ ಗುರಿಪಡಿಸಿದ ಕೃತಿಗಳವು.

ಮುಂದೆ ನಡೆದುದು ಕುತೂಹಲಕರವಾದುದು. 1994ರಲ್ಲಿ ನ್ಯೂಯಾರ್ಕಿನಲ್ಲಿ 'ಸುಪ್ರೀಂ' ಎಂಬ ಉಡುಪಿನ ಅಂಗಡಿ ಆರಂಭವಾಯಿತು. ಅದರ ಗುರುತು ಕೆಂಪು ಚೌಕಟ್ಟಿನೊಳಗೆ ಓರೆ ಫ್ಯೂಟುರಾದ ಬಿಳಿಯ ಅಕ್ಷರಗಳು. ಕ್ರೂಗರಳ ಕೃತಿಗಳ ಪ್ರಭಾವವು ಅದರಲ್ಲಿ ಎದ್ದು ಕಾಣುತ್ತದೆ. ಆ ಗುರುತನ್ನು ಹೊತ್ತ ಅಂಗಿಗಳಿಗಾಗಿ ತರುಣರು ಸಾಲುಗಟ್ಟಿ ನಿಲ್ಲತೊಡಗಿದರು. ಕೊಳ್ಳುವ ಹುಚ್ಚನ್ನು ಪ್ರಶ್ನಿಸಿದ ರೂಪವೇ ಕೊಳ್ಳುವಿಕೆಯ ಲಾಂಛನವಾಯಿತು. ಅದೇ ಓರೆ, ಅದೇ ದಪ್ಪ, ಅದೇ ಕೆಂಪು. ಹೇಳುವ ಮಾತು ಮಾತ್ರ ಬೇರೆ. ಅಕ್ಷರವು ನೀರಿನಂತೆ, ಯಾರು ಮೊಗೆದರೂ ಅವರ ಪಾತ್ರೆಗೆ ತುಂಬಿಕೊಳ್ಳುತ್ತದೆ. ಅದನ್ನು ಯಾವ ಮಾತಿಗಾಗಿ ಬಳಸಲಾಯಿತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಬಳಸಿದವನೇ.

ಓರೆ ಅಕ್ಷರದ ವಿಚಾರವು ಕನ್ನಡಿಗರಿಗೂ ಸಂಬಂಧಿಸಿದುದೇ ಆಗಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಇಟಾಲಿಕ್‌ನಂತಹ ಪರಂಪರೆಯೂ ಇಲ್ಲ. ಇಂಗ್ಲಿಷ್ ಮುದ್ರಕನು ಪದವನ್ನು ಓರೆಯಾಗಿಸಿ ಪಡೆಯುವ ಒತ್ತನ್ನು ಕನ್ನಡಿಗನು ಅನೇಕ ವೇಳೆ ಒಂದು 'ಏ'ಕಾರದಿಂದಲೇ ಪಡೆಯುತ್ತಾನೆ. 'ಅವನು ಬಂದನು' ಎಂಬುದಕ್ಕೂ 'ಅವನೇ ಬಂದನು' ಎಂಬುದಕ್ಕೂ ಇರುವ ಅಂತರವನ್ನು ತೋರಲು ಅಕ್ಷರ ಬಾಗಬೇಕಾಗಿಲ್ಲ, ಭಾಷೆಯೇ ಬಾಗುತ್ತದೆ. ಈಗ ಗಣಕಯಂತ್ರದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಯಾವ ಅಕ್ಷರವಾದರೂ ಓರೆಯಾಗುತ್ತದೆ. ಬಹುತೇಕ ಕನ್ನಡ ಅಕ್ಷರಮಾಲೆಗಳಿಗೆ ಪ್ರತ್ಯೇಕವಾಗಿ ಬರೆದ ಓರೆ ರೂಪ ಇಲ್ಲದಿರುವುದರಿಂದ ಯಂತ್ರವು ನೋಟ್‌ಬುಕ್ಕಿನ ರಾಶಿಯನ್ನು ಸರಿಸಿದಂತೆ ಅಕ್ಷರವನ್ನು ತಳ್ಳುತ್ತದೆ, ಅಷ್ಟೆ. ದುಂಡಾದ ಕನ್ನಡ ಅಕ್ಷರಗಳಲ್ಲಿ, ಫ್ಯೂಟುರಾದ 'ಓ' ಅಕ್ಷರಕ್ಕೆ ಬಂದ ವಿಕಾರವೇ ಎಲ್ಲೆಡೆಯಲ್ಲಿಯೂ ಬರುತ್ತದೆ. ಆಮಂತ್ರಣ ಪತ್ರಗಳಲ್ಲಿಯೂ ಬೀದಿಯ ಹಲಗೆಗಳಲ್ಲಿಯೂ ಇದನ್ನು ಕಾಣಬಹುದು. ಯಂತ್ರಕ್ಕೆ ಕೈವಾರವಿದೆ, ಕಣ್ಣಿಲ್ಲ. ಕನ್ನಡಕ್ಕೆ ಒಪ್ಪುವ ಓರೆ ಅಕ್ಷರ ಬೇಕೆನಿಸಿದರೆ, ಕನ್ನಡವನ್ನು ಬಲ್ಲ ಕಣ್ಣೊಂದು ಪ್ರತಿಯೊಂದು ಅಕ್ಷರದ ಮುಂದೆಯೂ ಕುಳಿತು ತಿದ್ದಬೇಕು. ಆ ಕೆಲಸ ಇನ್ನೂ ಬಹಳಷ್ಟು ಉಳಿದಿದೆ.

ರೆನ್ನರನ ಅಕ್ಷರವು ಹುಟ್ಟಿ ನೂರು ವರ್ಷಗಳಾಗುತ್ತ ಬಂದರೂ ಹಳತಾಗಿಲ್ಲ. ಕೈವಾರದ ಶಿಸ್ತು ಅದಕ್ಕೆ ಆಕಾರ ಕೊಟ್ಟಿತು. ಕಣ್ಣಿನ ವಿವೇಕ ಅದಕ್ಕೆ ಜೀವ ಕೊಟ್ಟಿತು. ನಿಯಮವನ್ನು ತಿಳಿಯದವನು ಅದನ್ನು ಮುರಿದರೆ ಕೆಲಸ ಕೆಡುತ್ತದೆ. ನಿಯಮವೇ ಸರ್ವಸ್ವವೆಂದು ನಂಬಿದರೂ ಕೆಲಸ ಕೆಡುತ್ತದೆ. ನಿಯಮವನ್ನು ಪೂರ್ಣವಾಗಿ ಕಲಿತು, ಅದು ಯಾರಿಗಾಗಿ ಇದೆಯೋ ಅವರ ಸಲುವಾಗಿ ಎಲ್ಲಿ ಎಷ್ಟು ಸಡಿಲಿಸಬೇಕೆಂಬುದನ್ನು ಅರಿತವನ ಕೆಲಸ ಬಾಳುತ್ತದೆ. ಅಕ್ಷರವಿರುವುದು ಓದುಗನಿಗಾಗಿ. ಓದುಗನಿಗೆ ಕಾಣದಂತೆ ಅಡಗಿರುವ ತಿದ್ದುಪಡಿಗಳಲ್ಲಿಯೇ ಆ ಅಕ್ಷರವನ್ನು ರೂಪಿಸಿದವನ ಪ್ರಾಮಾಣಿಕತೆಯೂ ಅಡಗಿದೆ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. 'ಇಟಾಲಿಕ್' ಎಂಬ ಹೆಸರು ಏಕೆ ಬಂದಿತು?
2. 'ಸಾನ್ಸ್ ಸೆರಿಫ್' ಎಂದರೇನು?
3. ಫ್ಯೂಟುರಾ ಅಕ್ಷರಮಾಲೆ ಯಾವ ವರ್ಷ ಮಾರುಕಟ್ಟೆಗೆ ಬಂದಿತು?
4. ಅಪೊಲೊ 11ರ ಫಲಕದಲ್ಲಿ ಫ್ಯೂಟುರಾದ ಯಾವ ರೂಪವನ್ನು ಬಳಸಲಾಗಿದೆ?

ಆ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ:
1. ಇಟಾಲಿಕ್ ಮತ್ತು ಒಬ್ಲೀಕ್ ಅಕ್ಷರಗಳಿಗಿರುವ ವ್ಯತ್ಯಾಸವನ್ನು ವಿವರಿಸಿರಿ.
2. ದುಂಡು ಅಕ್ಷರವನ್ನು ಯಾಂತ್ರಿಕವಾಗಿ ಬಾಗಿಸಿದಾಗ ಉಂಟಾಗುವ ದೋಷಗಳಾವುವು?
3. 1933ರಲ್ಲಿ ರೆನ್ನರ್ ಹುದ್ದೆಯನ್ನು ಕಳೆದುಕೊಂಡುದೇಕೆ? ಅವನ ನಡತೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು?
4. ಒಂದೇ ಅಕ್ಷರವು ಎರಡು ವಿರುದ್ಧ ಉದ್ದೇಶಗಳಿಗೆ ಬಳಕೆಯಾದ ಬಗೆಯನ್ನು ತಿಳಿಸಿರಿ.

ಇ) ಸಂದರ್ಭದೊಡನೆ ವಿವರಿಸಿರಿ:
1. "ಯಂತ್ರಕ್ಕೆ ಕೈವಾರವಿದೆ, ಕಣ್ಣಿಲ್ಲ."
2. "ಎಲ್ಲ ಪದಗಳಿಗೂ ಒತ್ತು ಕೊಟ್ಟರೆ ಯಾವ ಪದಕ್ಕೂ ಒತ್ತು ಉಳಿಯುವುದಿಲ್ಲ."

ಈ) ಭಾಷಾಭ್ಯಾಸ:
'ಏ'ಕಾರದಿಂದ ಒತ್ತು ಪಡೆಯುವ ಐದು ವಾಕ್ಯಗಳನ್ನು ಬರೆಯಿರಿ. 'ಏ'ಕಾರವನ್ನು ತೆಗೆದರೆ ಅರ್ಥದಲ್ಲಿ ಆಗುವ ಬದಲಾವಣೆಯನ್ನು ಗುರುತಿಸಿರಿ.

ಉ) ಚಟುವಟಿಕೆ:
ನಿಮ್ಮ ಊರಿನ ಅಂಗಡಿಗಳ ಹಲಗೆಗಳಲ್ಲಿ ಓರೆಯಾಗಿ ಬರೆದ ಕನ್ನಡ ಅಕ್ಷರಗಳನ್ನು ಗಮನಿಸಿರಿ. ಕೈಯಿಂದ ಬರೆದುದು ಯಾವುದು, ಯಂತ್ರದಿಂದ ಬಾಗಿಸಿದುದು ಯಾವುದು ಎಂಬುದನ್ನು ಗೆರೆಗಳ ದಪ್ಪವನ್ನು ನೋಡಿ ಊಹಿಸಿರಿ.